ಸೋರುವ ಚಾವಣಿಗಾಗಿ ಒಂದು ಬ್ಯಾಂಜೋ ಸಂಜೆ

ಅಮೆರಿಕದ ಸಣ್ಣ ಊರುಗಳ ವಸ್ತುಸಂಗ್ರಹಾಲಯಗಳು ಸರ್ಕಾರದ ದುಡ್ಡಿನಿಂದ ನಡೆಯುವುದು ಕಡಿಮೆ. ಸದಸ್ಯರ ಚಂದಾ, ಊರಿನ ಉಳ್ಳವರ ದೇಣಿಗೆ, ವರ್ಷಕ್ಕೊಂದೆರಡು ಸಹಾಯಾರ್ಥ ಕಾರ್ಯಕ್ರಮ, ಇವಿಷ್ಟೇ ಅವುಗಳ ಆಸರೆ. ಅಟ್ಲಾಂಟಾದ ಹೊರವಲಯದಲ್ಲಿ ವಾಸವಾಗಿರುವ ನಾನು ಉತ್ತರ ಜಾರ್ಜಿಯಾದ ಅಂಥದೊಂದು ಪುಟ್ಟ ಕಲಾ ಸಂಗ್ರಹಾಲಯದಲ್ಲಿ ಕೆಲವು ವರ್ಷಗಳಿಂದ ವಾರಾಂತ್ಯದ ಸ್ವಯಂಸೇವಕಿ. ಕಳೆದ ಚಳಿಗಾಲದಲ್ಲಿ ಅದರ ಹಿಂಭಾಗದ ಚಾವಣಿ ಸೋರತೊಡಗಿ, ಕಲಾಕೃತಿಗಳನ್ನು ಇಡುವ ದಾಸ್ತಾನು ಕೋಣೆಯ ಗೋಡೆಯಲ್ಲಿ ತೇವ ಕಾಣಿಸಿಕೊಂಡಾಗ, ಆಡಳಿತ ಮಂಡಳಿ ಒಂದು ಸಹಾಯಾರ್ಥ ಸಂಗೀತ ಕಾರ್ಯಕ್ರಮ ನಡೆಸಲು ತೀರ್ಮಾನಿಸಿತು; ಅದನ್ನು ಜಾರ್ಜಿಯಾದ ಸ್ವಯಂಕಲಿತ ಕಲಾವಿದ ಹೋವರ್ಡ್ ಫಿನ್‌ಸ್ಟರ್ ಅವರ ಗೌರವಾರ್ಥ ನಡೆಸಬೇಕೆಂಬುದೂ ಅದೇ ಸಭೆಯಲ್ಲಿ ನಿಶ್ಚಯವಾಯಿತು. ಗೋಡೆಯ ಮೇಲಿನ ವಿವರಣೆಗಳನ್ನು ಬರೆಯುವುದು, ಪ್ರದರ್ಶನಕ್ಕಿಡುವ ಕೃತಿಗಳ ಸ್ಥಿತಿಗತಿ ದಾಖಲಿಸುವುದರಲ್ಲಿ ಸಂಗ್ರಹದ ಹೊಣೆ ಹೊತ್ತ ಕ್ಯುರೇಟರ್‌ಗೆ ನೆರವಾಗುವುದು, ಕಾರ್ಯಕ್ರಮ ಮುಗಿದ ಮೇಲೆ ದಾನಿಗಳಿಗೆ ರಸೀದಿ ಕಳಿಸುವುದು, ಹೀಗೆ ಒಂದಕ್ಕೊಂದು ಸಂಬಂಧವಿಲ್ಲದಂತೆ ತೋರುವ ಮೂರು ಕೆಲಸಗಳು ನನ್ನ ಪಾಲಿಗೆ ಬಂದವು. ಅವುಗಳ ನಡುವಿನ ನಂಟು ನನಗೆ ತಿಳಿದದ್ದು ಕೆಲಸ ಮಾಡುತ್ತಾ ಹೋದಂತೆ.

ಕರ್ನಾಟಕದಲ್ಲಿ ಫಿನ್‌ಸ್ಟರ್ ಹೆಸರು ಅಷ್ಟಾಗಿ ಪರಿಚಿತವಲ್ಲವಾದ್ದರಿಂದ ಒಂದಿಷ್ಟು ಹೇಳಬೇಕು. ಅಲಬಾಮಾದ ವ್ಯಾಲಿ ಹೆಡ್ ಎಂಬಲ್ಲಿ, 13 ಮಕ್ಕಳ ಕುಟುಂಬದಲ್ಲಿ ಹುಟ್ಟಿದ ಅವರ ಶಾಲೆ ಆರನೆಯ ತರಗತಿಗೇ ಮುಗಿದಿತ್ತು. ಹದಿಹರೆಯದಲ್ಲೇ ಬೋಧನೆಗೆ ತೊಡಗಿ, ಬ್ಯಾಪ್ಟಿಸ್ಟ್ ಪಾದ್ರಿಯಾಗಿ ದಶಕಗಳ ಕಾಲ ಹಲವು ಚರ್ಚುಗಳಲ್ಲಿ ಉಪದೇಶ ಮಾಡಿದರು. ಹೊಟ್ಟೆಪಾಡಿಗೆ ಸೈಕಲ್ಲು, ಹುಲ್ಲು ಕತ್ತರಿಸುವ ಯಂತ್ರ ಮುಂತಾದವನ್ನು ರಿಪೇರಿ ಮಾಡುತ್ತಿದ್ದರು. 1961ರಲ್ಲಿ ಜಾರ್ಜಿಯಾದ ಸಮ್ಮರ್‌ವಿಲ್ ಪಟ್ಟಣದ ಬಳಿ ಪೆನ್‌ವಿಲ್ ಎಂಬಲ್ಲಿ ಜೌಗು ನೆಲವೊಂದನ್ನು ಕೊಂಡು, ಅದರ ನೀರು ಹರಿದುಹೋಗುವಂತೆ ಮಾಡಿ, ಜನ ಎಸೆದ ಗಾಜು, ಕನ್ನಡಿ ಚೂರು, ಗೋಲಿ, ಉಪಕರಣ, ಸೈಕಲ್ ಚೌಕಟ್ಟುಗಳನ್ನೆಲ್ಲ ಸಿಮೆಂಟಿನಲ್ಲಿ ಹುದುಗಿಸುತ್ತಾ ಒಂದು ಉದ್ಯಾನವನ್ನು ಕಟ್ಟಲಾರಂಭಿಸಿದರು. ಅದೇ ಇಂದಿನ ಪ್ಯಾರಡೈಸ್ ಗಾರ್ಡನ್. ಒಂದು ಭಾನುವಾರ ಸಂಜೆಯ ಪ್ರಾರ್ಥನೆಯಲ್ಲಿ, ಆ ದಿನ ಬೆಳಿಗ್ಗೆ ತಾವು ಯಾವ ವಿಷಯದ ಮೇಲೆ ಬೋಧಿಸಿದೆವೆಂದು ಸಭೆಯನ್ನು ಕೇಳಿದಾಗ ಯಾರಿಗೂ ನೆನಪಿರಲಿಲ್ಲವೆಂದೂ, ಮಾತು ಉಳಿಯುವುದಿಲ್ಲವೆಂಬುದು ತಮಗೆ ಆಗ ಮನವರಿಕೆಯಾಯಿತೆಂದೂ ಅವರು ಹೇಳಿಕೊಳ್ಳುತ್ತಿದ್ದರು. 1976ರಲ್ಲಿ, ಅರವತ್ತರ ಆಸುಪಾಸಿನಲ್ಲಿದ್ದಾಗ, ಸೈಕಲ್ಲೊಂದಕ್ಕೆ ಬಣ್ಣ ಬಳಿಯುತ್ತಿದ್ದ ಅವರ ಬೆರಳ ತುದಿಗೆ ಅಂಟಿದ ಬಣ್ಣದಲ್ಲಿ ಒಂದು ಮುಖ ಕಾಣಿಸಿತು. ಪವಿತ್ರ ಕಲೆಯನ್ನು ರಚಿಸೆಂದು ಒಳಗಿನಿಂದ ಆಜ್ಞೆಯಾಯಿತು. ತನಗೆ ಬರುವುದಿಲ್ಲವೆಂದು ಅವರು ವಾದಿಸಿದರು. ಬರುವುದಿಲ್ಲವೆಂದು ನಿನಗೆ ಹೇಗೆ ಗೊತ್ತು ಎಂಬ ಮರುಪ್ರಶ್ನೆ ಬಂತು. ಆಗ ಜೇಬಿನಿಂದ ಒಂದು ಡಾಲರ್ ನೋಟು ತೆಗೆದು, ಅದರಲ್ಲಿದ್ದ ಜಾರ್ಜ್ ವಾಷಿಂಗ್ಟನ್ ಮುಖವನ್ನು ನೋಡಿಕೊಂಡು ಬಿಡಿಸಿದರು. 2001ರ ಅಕ್ಟೋಬರ್ 22ರಂದು ತೀರಿಕೊಳ್ಳುವ ಹೊತ್ತಿಗೆ ಅವರು ಸಂಖ್ಯೆ ಹಾಕಿ ಮುಗಿಸಿದ್ದ ಕೃತಿಗಳು 46,000ಕ್ಕೂ ಹೆಚ್ಚು.

ಆ ಬೆರಳ ತುದಿಯ ಕಥೆಯೇ ನಮ್ಮ ಮೊದಲ ಜಗಳಕ್ಕೆ ಕಾರಣವಾಯಿತು. ಭಿತ್ತಿಪತ್ರದ ಕರಡನ್ನು ತಯಾರಿಸಿದ್ದ ಮಂಡಳಿಯ ಸದಸ್ಯರಿಗೆ ಕಾರ್ಯಕ್ರಮದ ಇಡೀ ಪ್ರಚಾರ ಆ ಒಂದು ದರ್ಶನದ ಸುತ್ತಲೇ ಇರಬೇಕೆಂಬ ಹಠ. ಓದುಬರಹ ಅಷ್ಟಕ್ಕಷ್ಟೇ ಆಗಿದ್ದ ಹಳ್ಳಿಯ ಪಾದ್ರಿಗೆ ಒಂದೇ ಕ್ಷಣದಲ್ಲಿ ಕಲೆ ಒಲಿದು ಬಂತು ಎಂಬ ಕಥೆಗೆ ಟಿಕೆಟ್ ಮಾರುವ ಶಕ್ತಿಯಿದೆ, ಅದು ನಿಜ. ಆದರೆ 1961ರಿಂದ 1976ರವರೆಗೆ ಹದಿನೈದು ವರ್ಷ ಆ ಮನುಷ್ಯ ಸಿಮೆಂಟು ಕಲಸಿ, ಬೆಸುಗೆ ಹಾಕಿ, ಮರ ಕೊಯ್ದು, ಒಂದು ಇಡೀ ತೋಟವನ್ನೇ ಕಟ್ಟಿದ್ದರೆಂಬುದನ್ನೂ, ಅದಕ್ಕೂ ಮೊದಲು ಟ್ರಿಯಾನ್ ಎಂಬ ಊರಿನ ತಮ್ಮ ಮನೆಯ ಅಂಗಳದಲ್ಲಿ ಅಂಥದೇ ಒಂದು ಪ್ರಯೋಗ ನಡೆಸಿದ್ದರೆಂಬುದನ್ನೂ ಆ ಕಥೆ ನುಂಗಿಹಾಕುತ್ತದೆ. ಸಾವಿರಾರು ಉಪದೇಶಗಳಲ್ಲಿ ಪಳಗಿದ ಮಾತುಗಾರನೊಬ್ಬ ಚಿತ್ರದ ತುಂಬ ಬರಹವನ್ನೇ ತುಂಬಿಸುವುದರಲ್ಲಿ ಪವಾಡವೇನಿಲ್ಲ. ಅದು ಹಳೆಯ ಕಸುಬು ಹೊಸ ಜಾಗ ಹುಡುಕಿಕೊಂಡದ್ದು. ದರ್ಶನವನ್ನು ಬಿಡಬೇಕೆಂದು ನಾನು ಹೇಳಲಿಲ್ಲ, ಏಕೆಂದರೆ ಫಿನ್‌ಸ್ಟರ್ ಅದನ್ನು ಮನಸಾರೆ ನಂಬಿದ್ದರು, ಅದನ್ನು ಕಿತ್ತುಹಾಕುವುದು ಇನ್ನೊಂದು ಬಗೆಯ ಅಗೌರವ. ಅದರ ಪಕ್ಕದಲ್ಲಿ ರಿಪೇರಿ ಅಂಗಡಿಗೂ ಸಮಾನ ಸ್ಥಾನ ಸಿಗಬೇಕೆಂಬುದಷ್ಟೇ ನನ್ನ ವಾದವಾಗಿತ್ತು. ಕೊನೆಗೆ ಭಿತ್ತಿಪತ್ರದಲ್ಲಿ ಒಂದು ಸೈಕಲ್ ಚಕ್ರ ಬಂತು, ದರ್ಶನದ ಕಥೆ ಗೋಡೆಯ ವಿವರಣೆಗೆ ಹೋಯಿತು.

ವಿವರಣೆ ಬರೆಯುವ ಮುನ್ನ ತೋಟವನ್ನು ಇನ್ನೊಮ್ಮೆ ನೋಡಿ ಬರಲು ಹೋದೆ. ಅಟ್ಲಾಂಟಾದಿಂದ ವಾಯವ್ಯಕ್ಕೆ ಸುಮಾರು ಎರಡು ಗಂಟೆಯ ಹಾದಿ. ರೋಮ್ ಪಟ್ಟಣ ದಾಟಿದ ಮೇಲೆ ಹೆದ್ದಾರಿ 27 ಗುಡ್ಡಗಳ ನಡುವಿನ ಕಣಿವೆಗಳಲ್ಲಿ ಸಾಗುತ್ತದೆ. ಮುಖ್ಯರಸ್ತೆಯಿಂದ ಒಳಗೆ ಸಾಧಾರಣ ಮನೆಗಳ ನಡುವೆ ಇದ್ದಕ್ಕಿದ್ದಂತೆ ಎದುರಾಗುವ ಆ ತೋಟದ ಕಾಲುದಾರಿಯಲ್ಲಿ ತಲೆ ತಗ್ಗಿಸಿಯೇ ನಡೆಯಬೇಕು, ಏಕೆಂದರೆ ನೋಡಬೇಕಾದದ್ದೆಲ್ಲ ಕಾಲಡಿಯಲ್ಲಿದೆ: ನೀಲಿ ಗಾಜಿನ ಚೂರು, ಪಿಂಗಾಣಿ ಗೊಂಬೆಯ ಅರ್ಧ ಮುಖ, ತುಕ್ಕು ಹಿಡಿದ ಸ್ಪ್ಯಾನರ್, ಗೋಲಿಗಳು, ಇವುಗಳ ನಡುವೆ ಹಸಿ ಸಿಮೆಂಟಿನಲ್ಲಿ ಬೆರಳಿಂದಲೋ ಮೊಳೆಯಿಂದಲೋ ಗೀಚಿದ ಬೈಬಲ್ಲಿನ ಸಾಲುಗಳು. ಸೈಕಲ್ ಚೌಕಟ್ಟುಗಳನ್ನು ಒಂದರ ಮೇಲೊಂದು ಪೇರಿಸಿ ಕಟ್ಟಿದ ಗೋಪುರವಿದೆ. ಕೋಕಾ ಕೋಲಾ ಬಾಟಲಿಗಳಿಂದ ಕಟ್ಟಿದ ಪಂಪ್‌ಹೌಸ್ ಇದೆ. ಗಾಲಿಕುರ್ಚಿಯಲ್ಲಿ ಬರುವವರೂ ನೋಡಲೆಂದು ಕಟ್ಟಿದ ಉದ್ದನೆಯ ಇಳಿಜಾರು ಮೊಗಸಾಲೆಯಿದೆ. ಯಾರೋ ಹುಡುಗನ ಗಂಟಲಿನಿಂದ ತೆಗೆದ ಟಾನ್ಸಿಲ್ ತುಂಬಿದ ಗಾಜಿನ ಸೀಸೆಯನ್ನೂ ಅವರು ಬಿಡದೆ ಸಿಮೆಂಟಿನಲ್ಲಿ ಕೂರಿಸಿದ್ದರೆಂಬ ಸಂಗತಿ ಮಕ್ಕಳಿಗೆ ಬಲು ಇಷ್ಟ. ಎಲ್ಲಕ್ಕಿಂತ ಎತ್ತರದಲ್ಲಿ, ಪಕ್ಕದ ಹಳೆಯ ಚರ್ಚನ್ನು ಕೊಂಡು ಅದರ ನೆತ್ತಿಯ ಮೇಲೆ ನಕ್ಷೆಯೂ ಇಲ್ಲದೆ ಮಜಲು ಮಜಲಾಗಿ ಎಬ್ಬಿಸಿದ ವರ್ಲ್ಡ್ಸ್ ಫೋಕ್ ಆರ್ಟ್ ಚರ್ಚ್ ನಿಂತಿದೆ. 1982ರಲ್ಲಿ ಅಮೆರಿಕದ ಕೇಂದ್ರ ಸರ್ಕಾರದ ಕಲಾ ಅನುದಾನ ಸಂಸ್ಥೆಯಾದ ನ್ಯಾಷನಲ್ ಎಂಡೋಮೆಂಟ್ ಫಾರ್ ದಿ ಆರ್ಟ್ಸ್ ಕೊಟ್ಟ ಧನಸಹಾಯ ಅದಕ್ಕೆ ಒದಗಿತ್ತು.

ಅಲ್ಲಿ ನಿಂತಾಗ ನನಗೆ ಕಣ್ಣಿಗೆ ಹೊಡೆದು ಕಂಡದ್ದು ನೀರು. ಮೂಲತಃ ಜೌಗಾಗಿದ್ದ ನೆಲ ಮತ್ತೆ ಮತ್ತೆ ತನ್ನ ಹಳೆಯ ಸ್ವಭಾವಕ್ಕೆ ಮರಳಲು ಹವಣಿಸುತ್ತದೆ. ಫಿನ್‌ಸ್ಟರ್ ಕೊನೆಯ ವರ್ಷಗಳಲ್ಲಿ ಬೇರೆಡೆ ವಾಸಕ್ಕೆ ಹೋದ ಮೇಲೆ, ಅವರ ನಿಧನದ ನಂತರವಂತೂ, ತೋಟ ಹಲವು ವರ್ಷ ಹದಗೆಟ್ಟಿತ್ತು. ಅದರ ಹಲವು ಭಾಗಗಳು ಅದಾಗಲೇ ಅಟ್ಲಾಂಟಾದ ಹೈ ಮ್ಯೂಸಿಯಂ ಸೇರಿ ಉಳಿದುಕೊಂಡಿದ್ದವು. 2012ರಲ್ಲಿ ಚಟೂಗಾ ಕೌಂಟಿಯ ಆಡಳಿತ ಆಸ್ತಿಯನ್ನು ಕೊಂಡು ಪ್ರತಿಷ್ಠಾನವೊಂದರ ಸುಪರ್ದಿಗೆ ಕೊಟ್ಟ ಮೇಲೆ, ಅದೇ ವರ್ಷ ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಗೂ ಸೇರಿದ ಮೇಲೆ, ಜೀರ್ಣೋದ್ಧಾರ ಶುರುವಾಯಿತು. ಆ ಕೆಲಸದಲ್ಲಿ ಹೊರಗಿನವರಿಗೆ ಕಾಣುವುದು ಬಣ್ಣ ಬಳಿದ ಫಲಕಗಳು. ಅವುಗಳ ಕೆಳಗಿರುವುದು ಚರಂಡಿ, ಅಡಿಪಾಯ, ಚಾವಣಿ. ನಮ್ಮ ಸಂಗ್ರಹಾಲಯದ ಸಮಸ್ಯೆಯೂ ಅದೇ ಜಾತಿಯದು. ಚಿತ್ರಕ್ಕೆ ದುಡ್ಡು ಕೊಡುವವರು ಸಿಗುತ್ತಾರೆ, ಚಾವಣಿಯಂಚಿನ ಮಳೆನೀರಿನ ದೋಣಿಗೆ ಸಿಗುವುದಿಲ್ಲ. ಕಾರ್ಯಕ್ರಮದ ಅಸಲು ಕಷ್ಟವೆಲ್ಲ ಇರುವುದು ಇಲ್ಲಿಯೇ ಎಂದು ನನಗೆ ಅನಿಸಿತು.

ಇನ್ನು ಸಂಗೀತದ ವಿಷಯ. ಫಿನ್‌ಸ್ಟರ್ ಸ್ವತಃ ಬ್ಯಾಂಜೋ ಎಂಬ ತಂತಿವಾದ್ಯ ನುಡಿಸಿಕೊಂಡು ಹಾಡುತ್ತಿದ್ದವರು. ನೋಡಲು ಬಂದವರಿಗೆ ಚಿತ್ರ ತೋರಿಸುವುದು, ಉಪದೇಶಿಸುವುದು, ಹಾಡುವುದು ಅವರಲ್ಲಿ ಬೇರೆ ಬೇರೆ ಕೆಲಸಗಳಾಗಿರಲಿಲ್ಲ. ಹೊರಜಗತ್ತಿಗೆ ಅವರನ್ನು ಪರಿಚಯಿಸಿದ್ದೂ ಬಹುಮಟ್ಟಿಗೆ ಸಂಗೀತವೇ. ಜಾರ್ಜಿಯಾದ ಏಥೆನ್ಸ್ ನಗರದ ಆರ್‌.ಇ.ಎಂ. ಎಂಬ ರಾಕ್ ತಂಡ 1983ರಲ್ಲಿ ತನ್ನ ವೀಡಿಯೊ ಒಂದನ್ನು ಆ ತೋಟದಲ್ಲಿ ಚಿತ್ರೀಕರಿಸಿತು; ಮರುವರ್ಷ ಬಂದ ಅದರ 'ರೆಕನಿಂಗ್' ಆಲ್ಬಂ ಹೊದಿಕೆಗೆ ಗಾಯಕ ಮೈಕೆಲ್ ಸ್ಟೈಪ್ ಎರಡು ತಲೆಯ ಹಾವಿನ ರೇಖೆ ಬರೆದುಕೊಟ್ಟರೆ ಫಿನ್‌ಸ್ಟರ್ ಅದರ ಒಡಲನ್ನು ತುಂಬಿದರು. 1985ರಲ್ಲಿ ಟಾಕಿಂಗ್ ಹೆಡ್ಸ್ ತಂಡದ 'ಲಿಟಲ್ ಕ್ರೀಚರ್ಸ್' ಆಲ್ಬಂಗೆ ಅವರು ಮಾಡಿಕೊಟ್ಟ ಹೊದಿಕೆಯನ್ನು ರೋಲಿಂಗ್ ಸ್ಟೋನ್ ಪತ್ರಿಕೆ ಆ ವರ್ಷದ ಅತ್ಯುತ್ತಮ ಹೊದಿಕೆಯೆಂದು ಆರಿಸಿತು. ರಾಕ್ ಸಂಗೀತ ಪಾದ್ರಿಗೆ ತಕ್ಕುದಲ್ಲವೆಂದು ಊರಿನ ಕೆಲವರು ಮೂಗು ಮುರಿದಿದ್ದಿರಬಹುದು. ತಮ್ಮ ಬೈಬಲ್ ಸಾಲುಗಳು ಲಕ್ಷಗಟ್ಟಲೆ ಹುಡುಗರ ಮನೆ ಸೇರುವುದಾದರೆ ಹೊದಿಕೆಯೊಳಗೆ ಏನಿದ್ದರೇನು ಎಂಬ ಲೆಕ್ಕಾಚಾರ ಅವರದು. ಪ್ರಚಾರವೆಂದರೆ ಏನೆಂದು ಆಧುನಿಕ ಕಲಾವಿದರಿಗಿಂತ ಚೆನ್ನಾಗಿ ಬಲ್ಲ ಮನುಷ್ಯ ಎನ್ನದೆ ವಿಧಿಯಿಲ್ಲ.

ಹಾಗಾಗಿ ಕಾರ್ಯಕ್ರಮದಲ್ಲಿ ಎರಡು ಭಾಗವಿರಲೆಂದು ಒಪ್ಪಿಗೆಯಾಯಿತು. ಮೊದಲ ಭಾಗದಲ್ಲಿ ಬೆಟ್ಟಸೀಮೆಯ ಹಳೆಯ ಬ್ಯಾಂಜೋ, ಪಿಟೀಲು ಮತ್ತು ಸೇಕ್ರೆಡ್ ಹಾರ್ಪ್ ಎಂಬ, ವಾದ್ಯವಿಲ್ಲದ ಸಮೂಹಗಾನ. ಎರಡನೆಯ ಭಾಗದಲ್ಲಿ ಎಂಬತ್ತರ ದಶಕದ ಏಥೆನ್ಸ್ ಹಾಡುಗಳನ್ನು ನುಡಿಸುವ ಸ್ಥಳೀಯ ವಾದ್ಯತಂಡ. ಈ ಎರಡನೆಯ ಭಾಗದಿಂದ ಬಂದ ತಲೆನೋವು ಪರವಾನಗಿಯದು. ದತ್ತಿಕಾರ್ಯಕ್ಕಾಗಿ ನಡೆಸುವ ಸಂಗೀತಕ್ಕೆ ಹಕ್ಕುಸ್ವಾಮ್ಯದ ಶುಲ್ಕವೇ ಇಲ್ಲವೆಂಬುದು ನಮ್ಮಲ್ಲಿ ಹಲವರ ನಂಬಿಕೆಯಾಗಿತ್ತು. ಅಮೆರಿಕದ ಕಾನೂನಿನಲ್ಲಿ ಅಂಥ ವಿನಾಯಿತಿ ಇರುವುದು ನಿಜ, ಆದರೆ ಅದಕ್ಕೆ ಷರತ್ತುಗಳಿವೆ: ಹಾಡುವವರು, ನುಡಿಸುವವರು, ಸಂಘಟಕರು ಯಾರೂ ಅದಕ್ಕಾಗಿ ಸಂಭಾವನೆ ಪಡೆಯಕೂಡದು, ಪ್ರವೇಶ ಶುಲ್ಕ ಇಟ್ಟಿದ್ದರೆ, ಖರ್ಚು ಕಳೆದು ಉಳಿದದ್ದೆಲ್ಲ ಶಿಕ್ಷಣ, ಧರ್ಮ ಅಥವಾ ದತ್ತಿಯ ಉದ್ದೇಶಕ್ಕೇ ಹೋಗಬೇಕು, ಆಗಲೂ ಹಕ್ಕುದಾರರು ಕನಿಷ್ಠ ಏಳು ದಿನ ಮೊದಲು ಲಿಖಿತವಾಗಿ ಆಕ್ಷೇಪಿಸಿದರೆ ವಿನಾಯಿತಿ ಬಿದ್ದುಹೋಗುತ್ತದೆ. ವಾದ್ಯತಂಡದ ಹುಡುಗರಿಗೆ ಒಂದಿಷ್ಟು ಗೌರವಧನ ಕೊಡುವುದೆಂದು ನಾವು ಮೊದಲೇ ಮಾತು ಕೊಟ್ಟಿದ್ದೆವು. ಕಲಾವಿದನೊಬ್ಬನ ಗೌರವಾರ್ಥ ನಡೆಯುವ ಕಾರ್ಯಕ್ರಮದಲ್ಲಿ ಬೇರೆ ಕಲಾವಿದರಿಂದ ಪುಕ್ಕಟೆ ಕೆಲಸ ತೆಗೆಯುವುದು ನನಗಂತೂ ಸರಿಕಾಣಲಿಲ್ಲ, ಮಂಡಳಿಯೂ ಒಪ್ಪಿತು. ವಿನಾಯಿತಿಯ ಆಸೆ ಬಿಟ್ಟು, ಹಾಡುಗಳ ಪಟ್ಟಿ ತರಿಸಿಕೊಂಡು, ಹಾಡುಗಳ ಹಕ್ಕುದಾರರ ಪರವಾಗಿ ಶುಲ್ಕ ವಸೂಲಿ ಮಾಡುವ ಆಸ್ಕ್ಯಾಪ್ ಮತ್ತು ಬಿಎಂಐ ಸಂಸ್ಥೆಗಳಿಗೆ ಸಭಾಂಗಣದ ಅಳತೆಗೆ ತಕ್ಕ ಶುಲ್ಕ ಕಟ್ಟಿದೆವು. ಮೊತ್ತ ದೊಡ್ಡದೇನಲ್ಲ, ಅರ್ಜಿ ತುಂಬುವ ಬೇಸರವೇ ಅದಕ್ಕಿಂತ ದೊಡ್ಡದು.

ಸೇಕ್ರೆಡ್ ಹಾರ್ಪ್ ಹಾಡುಗಾರರಿಂದ ಅಂಥ ಯಾವ ತಾಪತ್ರಯವೂ ಇರಲಿಲ್ಲ. ಅವರು ಹಾಡಿದ್ದೆಲ್ಲ ಹಕ್ಕುಸ್ವಾಮ್ಯದ ಗಡುವು ಎಂದೋ ಮುಗಿದ ಹಾಡುಗಳು, ವಾದ್ಯ ಬೇಡ, ಮೈಕು ಬೇಡ, ವೇದಿಕೆ ಮೊದಲೇ ಬೇಡ. 1844ರಲ್ಲಿ ಜಾರ್ಜಿಯಾದ ಬಿ. ಎಫ್. ವೈಟ್ ಮತ್ತು ಇ. ಜೆ. ಕಿಂಗ್ ಸಂಕಲಿಸಿದ ಹಾಡಿನ ಪುಸ್ತಕದಿಂದ ಈ ಪರಂಪರೆಗೆ ಆ ಹೆಸರು ಬಂದಿದೆ; ಫಿನ್‌ಸ್ಟರ್ ಹುಟ್ಟಿದ ಅಲಬಾಮಾದ ಆ ಮೂಲೆಯಲ್ಲಿ, ಸ್ಯಾಂಡ್ ಮೌಂಟನ್ ಸೀಮೆಯಲ್ಲಿ, ಅದು ಈಗಲೂ ಜೀವಂತವಾಗಿದೆ. ಹಾಡುವವರು ನಾಲ್ಕು ದನಿಗಳ ಪ್ರಕಾರ ನಾಲ್ಕು ಕಡೆ ಒಳಮುಖವಾಗಿ ಕೂರುತ್ತಾರೆ, ನಡುವಿನ ಚೌಕದಲ್ಲಿ ಒಬ್ಬೊಬ್ಬರೇ ಸರದಿಯ ಮೇಲೆ ನಿಂತು ಕೈಯಾಡಿಸುತ್ತಾ ಲಯ ತೋರಿಸುತ್ತಾರೆ. ಪುಸ್ತಕದಲ್ಲಿ ಸ್ವರಗಳಿಗೆ ಆಕಾರಗಳಿವೆ: ಫಾ ತ್ರಿಕೋನ, ಸೋಲ್ ದುಂಡು, ಲಾ ಚೌಕ, ಮಿ ವಜ್ರಾಕಾರ. ಓದಲು ಬಾರದವರೂ ಸ್ವರ ಗುರುತಿಸಲೆಂದು ಮಾಡಿದ ಏರ್ಪಾಡು ಅದು. ಪ್ರತಿ ಹಾಡನ್ನೂ ಮೊದಲು ಸ್ವರಾಕ್ಷರಗಳಲ್ಲೇ ಪೂರ್ತಿ ಹಾಡಿ, ಆಮೇಲೆ ಸಾಹಿತ್ಯವನ್ನು ಹಾಡುತ್ತಾರೆ. ಅಭ್ಯಾಸದ ದಿನ ಇದನ್ನು ಮೊದಲ ಸಲ ಕೇಳಿದಾಗ, ಪುರಂದರದಾಸರ ಪಿಳ್ಳಾರಿ ಗೀತೆಗಳನ್ನು ಸ್ವರದಲ್ಲಿ ಹೇಳಿಸಿ ಆಮೇಲಷ್ಟೇ ಸಾಹಿತ್ಯಕ್ಕೆ ಬಿಡುತ್ತಿದ್ದ ನನ್ನ ಬಾಲ್ಯದ ಸಂಗೀತ ಪಾಠ ನೆನಪಾಗಿ, ಯಾರ ಅಪ್ಪಣೆಯೂ ಇಲ್ಲದೆ ಆಲ್ಟೋ ದನಿಯವರ ಕೊನೆಯ ಸಾಲಿನಲ್ಲಿ ಹೋಗಿ ಕುಳಿತುಬಿಟ್ಟೆ. ಅವರೂ ಬೇಡವೆನ್ನಲಿಲ್ಲ, ಪುಸ್ತಕವೊಂದನ್ನು ಕೈಗಿತ್ತರು. ಶಾಲೆ ಕಲಿಯದವರಿಗೆ ಪರಂಪರೆಯೇ ಇರುವುದಿಲ್ಲವೆಂದು ಭಾವಿಸುವವರು ಆ ಚೌಕದಲ್ಲಿ ಒಮ್ಮೆ ಕುಳಿತು ನೋಡಬೇಕು.

ನಮ್ಮಲ್ಲಿದ್ದ ಫಿನ್‌ಸ್ಟರ್ ಕೃತಿಗಳು ಕೆಲವೇ ಕೆಲವು. ಅವಕ್ಕೆ ಜೊತೆಯಾಗಿ ಊರಿನ ಕುಟುಂಬವೊಂದು ತನ್ನ ಬಳಿಯಿದ್ದ ಒಂದೆರಡನ್ನು ಎರವಲಾಗಿ ಕೊಟ್ಟಿತು. ಎರವಲು ಕೃತಿಯೆಂದರೆ ಅದು ಅವರ ಗೋಡೆಯಿಂದ ಇಳಿದ ಕ್ಷಣದಿಂದ ಮತ್ತೆ ಅದೇ ಗೋಡೆಗೆ ಏರುವವರೆಗೂ ವಿಮೆಯ ರಕ್ಷಣೆಯಲ್ಲಿರಬೇಕು, ಬಂದಾಗಲೂ ಹೋಗುವಾಗಲೂ ಸ್ಥಿತಿಗತಿಯ ವರದಿ ಬರೆಯಬೇಕು. ಕೈಗವಸು ತೊಟ್ಟು, ಓರೆಬೆಳಕಿನ ದೀಪ ಹಿಡಿದು, ಒಂದೊಂದು ಅಂಗುಲವನ್ನೂ ನೋಡುತ್ತಾ ಕ್ಯುರೇಟರ್ ಹೇಳಿದ್ದನ್ನು ನಾನು ಬರೆದುಕೊಂಡೆ. ಅವುಗಳಲ್ಲೊಂದು, ಪ್ಲೈವುಡ್ಡನ್ನು ಆಕೃತಿಯಂತೆಯೇ ಕತ್ತರಿಸಿ ಬಣ್ಣ ಹಚ್ಚಿದ, ರಾಕ್ ಗಾಯಕ ಎಲ್ವಿಸ್ ಪ್ರೆಸ್ಲಿ, ಮೂರು ವರ್ಷದ ಮಗುವಾಗಿ. ಎಲ್ವಿಸ್‌ನ ಬಾಲ್ಯದ ಫೋಟೋ ಒಂದನ್ನು ಆಧರಿಸಿ ಫಿನ್‌ಸ್ಟರ್ ಆ ಮಗುವನ್ನು ಎಷ್ಟೋ ಸಲ ಮಾಡಿದ್ದಾರೆ. ಟೋಪಿಯ ಅಂಚಿನಲ್ಲಿ ಪ್ಲೈವುಡ್ಡಿನ ಪದರಗಳು ತುಸು ಬಿಚ್ಚಿಕೊಂಡಿದ್ದವು; ಯಂತ್ರಗಳಿಗೆ ಬಳಿಯುವ ಅಗ್ಗದ ಎನಾಮಲ್ ಬಣ್ಣ ಮಾತ್ರ ಗಲ್ಲದ ಮೇಲೆ ಈಗಲೂ ಫಳಫಳಿಸುತ್ತಿತ್ತು. ಅಂಗಿಯ ಮೇಲೆ, ತೋಳಿನ ಮೇಲೆ, ಚಡ್ಡಿಯ ಮೇಲೆ, ಎಲ್ಲಿ ಬಿಳಿ ಜಾಗ ಸಿಕ್ಕಿತೋ ಅಲ್ಲೆಲ್ಲ ಕಪ್ಪು ಮಾರ್ಕರಿನಲ್ಲಿ ಬರೆದ ಉಪದೇಶ. ಎಡತೋಳಿನ ಸಾಲುಗಳು ಬಿಸಿಲಿಗೆ ಮಾಸಿ ಕಂದುಬಣ್ಣಕ್ಕೆ ತಿರುಗಿದ್ದವು, ಬಹುಶಃ ವರ್ಷಗಟ್ಟಲೆ ಕಿಟಕಿಯ ಕಡೆಗಿದ್ದದ್ದು ಆ ತೋಳೇ. ಹಿಂಬದಿ ತಿರುಗಿಸಿದರೆ ಕೃತಿಯ ಸಂಖ್ಯೆ, ಮುಗಿಸಿದ ತಾರೀಕು, ಗಂಟೆ, ಅದರ ಕೆಳಗೆ ಮತ್ತಷ್ಟು ಬೈಬಲ್. ರಿಪೇರಿ ಅಂಗಡಿಯವರು ಸಾಮಾನಿಗೆ ಚೀಟಿ ಕಟ್ಟಿ ನಂಬರು ಹಾಕುವ ರೂಢಿಯೇ ಇಲ್ಲಿಗೂ ಬಂದಿರಬೇಕೆಂದು ನನ್ನ ಊಹೆ.

ಸಂಖ್ಯೆಯ ಮಾತು ಬಂದದ್ದರಿಂದ ಹೇಳಿಬಿಡುತ್ತೇನೆ. 5,000 ಚಿತ್ರಗಳನ್ನು ರಚಿಸಬೇಕೆಂಬ ಸಂಕಲ್ಪ 1985ರಲ್ಲಿ ಪೂರೈಸಿದ ಮೇಲೂ ಅವರು ನಿಲ್ಲಿಸಲಿಲ್ಲ; ಬೇಡಿಕೆ ಹೆಚ್ಚಿದಂತೆ ಅಚ್ಚುಪಟ್ಟಿ ಇಟ್ಟುಕೊಂಡು ಅದೇ ಆಕೃತಿಗಳನ್ನು ಮತ್ತೆ ಮತ್ತೆ ಕತ್ತರಿಸಿದರು, ಮನೆಯವರೂ ಕೈಜೋಡಿಸಿದರು. ನಂತರದ ಕೃತಿಗಳಲ್ಲಿ ಹಲವು ಪೇಲವವೆಂಬ ವಿಮರ್ಶಕರ ದೂರನ್ನು ನಾನೂ ಒಪ್ಪುತ್ತೇನೆ. ಆದರೆ ಕಡಿಮೆ ಮಾಡಿ ಬೆಲೆ ಏರಿಸುವ ಕಲಾಮಾರುಕಟ್ಟೆಯ ಜಾಣ್ಮೆ ಅವರಿಗೆ ಬೇಕಿರಲಿಲ್ಲ. ಹೆಚ್ಚು ಹೆಚ್ಚು ಮನೆಗಳಿಗೆ ಸಂದೇಶ ತಲುಪಬೇಕಿತ್ತು. ಇದನ್ನು ಗೋಡೆಯ ವಿವರಣೆಯಲ್ಲಿ ಬರೆಯಬೇಕೋ ಬೇಡವೋ ಎಂಬ ಚರ್ಚೆ ನಡೆದು, ಗೌರವಾರ್ಥ ಕಾರ್ಯಕ್ರಮವೆಂಬ ಕಾರಣಕ್ಕೆ ಸುಳ್ಳು ಹೊಗಳಿಕೆ ಸಲ್ಲದೆಂದು ಕ್ಯುರೇಟರ್ ನನ್ನ ಪರವಾಗಿ ನಿಂತರು.

ಮಾಸುತ್ತಿದ್ದ ಆ ಮಾರ್ಕರ್ ಶಾಯಿಯಿಂದಾಗಿ ಸಭಾಂಗಣದ ಏರ್ಪಾಡೆಲ್ಲ ಬದಲಾಯಿತು. ಬೆಳಕಿಗೆ ಬೇಗ ಕೆಡುವ ಇಂಥ ವಸ್ತುಗಳಿಗೆ ಸಂಗ್ರಹಾಲಯಗಳು ಸಾಮಾನ್ಯವಾಗಿ 50 ಲಕ್ಸ್ (ಮೇಲ್ಮೈಗೆ ಬೀಳುವ ಬೆಳಕಿನ ಅಳತೆ) ಮಿತಿ ಪಾಲಿಸುತ್ತವೆ. ಆ ಮಬ್ಬಿನಲ್ಲಿ ವಾದ್ಯಗಾರರಿಗೆ ತಂತಿ ಕಾಣುವುದಿಲ್ಲ. ಹಾಗೆಂದು ವೇದಿಕೆಯ ದೀಪಗಳನ್ನು ಎಲ್ವಿಸ್‌ನತ್ತ ಬಿಡುವಂತೆಯೂ ಇಲ್ಲ. ಕೃತಿಗಳನ್ನೆಲ್ಲ ಪಕ್ಕದ ಗ್ಯಾಲರಿಯಲ್ಲಿ ಇರಿಸಿ, ಮುಖ್ಯ ಸಭಾಂಗಣದಲ್ಲಿ ಸಂಗೀತ ನಡೆಸುವುದು, ವಿರಾಮದಲ್ಲಿ ಜನರನ್ನು ಸಣ್ಣ ಗುಂಪುಗಳಾಗಿ ಒಳಗೆ ಬಿಡುವುದು, ತಿಂಡಿತೀರ್ಥ ಬಾಗಿಲ ಹೊರಗೇ ಉಳಿಯುವುದು ಎಂದು ಗೊತ್ತುಮಾಡಿದೆವು. ಡ್ರಮ್ ಮತ್ತು ಬೇಸ್ ಸ್ಪೀಕರುಗಳನ್ನು ಗ್ಯಾಲರಿಗೆ ಅಂಟಿದ ಗೋಡೆಯಿಂದ ದೂರ ಸರಿಸಿದೆವು, ಏಕೆಂದರೆ ಬಣ್ಣ ಎದ್ದಿರುವ ಕಡೆ ಗೋಡೆಯ ಅದುರಾಟವೂ ಕೆಡುಕೇ. ಕಾಂಕ್ರೀಟ್ ನೆಲದ, ಬರಿಗೋಡೆಯ ಆ ಸಭಾಂಗಣದಲ್ಲಿ ಬ್ಯಾಂಜೋ ದನಿ ಕಿವಿಗೆ ಚುಚ್ಚುವಷ್ಟು ಮಾರ್ದನಿಗೊಳ್ಳುತ್ತಿತ್ತು. ಸಾಮಾನು ಸಾಗಿಸುವಾಗ ಹೊದಿಸುವ ದಪ್ಪ ಕಂಬಳಿಗಳನ್ನು ಹಿಂಗೋಡೆಗೆ ಇಳಿಬಿಟ್ಟ ಮೇಲೆ ಹದಕ್ಕೆ ಬಂತು. ಕನ್ನಡ ಕೂಟದ ರಾಜ್ಯೋತ್ಸವಗಳಲ್ಲಿ ಶಾಲೆಗಳ ವ್ಯಾಯಾಮಶಾಲೆಯ ಮಾರ್ದನಿಯೊಡನೆ ಗುದ್ದಾಡಿದ ಅನುಭವ ಇಲ್ಲಿ ನನ್ನ ಕೈಹಿಡಿಯಿತು.

ಮೌನ ಹರಾಜು ಇಂಥ ಕಾರ್ಯಕ್ರಮಗಳ ಆದಾಯದ ಬೆನ್ನೆಲುಬು. ಮೇಜಿನ ಮೇಲೆ ವಸ್ತುಗಳನ್ನಿಟ್ಟು ಪಕ್ಕದಲ್ಲೊಂದು ಹಾಳೆ ಇಡುತ್ತಾರೆ, ಬೇಕಾದವರು ಹಿಂದಿನವರಿಗಿಂತ ಹೆಚ್ಚಿನ ಮೊತ್ತ ಬರೆಯುತ್ತಾ ಹೋಗುತ್ತಾರೆ. ಊರಿನ ಸ್ವಯಂಕಲಿತ ಕಲಾವಿದರು ಹಲವರು ತಮ್ಮ ಚಿತ್ರ, ಕೆತ್ತನೆಗಳನ್ನು ಕೊಟ್ಟರು. ಅವರಿಗೆ ರಸೀದಿ ಬರೆಯುವಾಗ ತೆರಿಗೆ ಕಾನೂನಿನ ಒಂದು ವಿಚಿತ್ರ ನಿಯಮ ತಿಳಿದು ನನಗೆ ರೇಗಿಹೋಯಿತು: ಕಲಾವಿದರು ತಮ್ಮದೇ ಕೃತಿಯನ್ನು ದಾನ ಕೊಟ್ಟರೆ ಅದರ ಬೆಲೆಯಷ್ಟು ವಿನಾಯಿತಿ ಸಿಗುವುದಿಲ್ಲ, ಬಣ್ಣಕ್ಕೂ ಹಲಗೆಗೂ ಆದ ಖರ್ಚಿಗಷ್ಟೇ ಸಿಗುತ್ತದೆ. ಕಸದಿಂದ ಆಯ್ದ ಹಲಗೆಯ ಮೇಲೆ ಅಳಿದುಳಿದ ಬಣ್ಣದಲ್ಲಿ ಬರೆದವರ ಪಾಲಿಗೆ ಅದು ಬಹುಮಟ್ಟಿಗೆ ಸೊನ್ನೆ. ಆದ್ದರಿಂದ ಮಾರಾಟದ ಮೊತ್ತದಲ್ಲಿ ಅರ್ಧವನ್ನು ಕಲಾವಿದರಿಗೇ ಹಿಂದಿರುಗಿಸುವ ಪದ್ಧತಿ ಇರಲೆಂದು ನಾನು ಕೇಳಿಕೊಂಡೆ. ಚಾವಣಿಗೆ ಬರುವ ಹಣ ಕಡಿಮೆಯಾಗುತ್ತದೆಂಬ ಆಕ್ಷೇಪ ಬಂತು. ಕೊನೆಗೆ ಕಲಾವಿದರೇ ಆಯ್ದುಕೊಳ್ಳಲಿ ಎಂದಾಯಿತು. ಕೆಲವರು ಅರ್ಧ ಪಡೆದರು, ಕೆಲವರು ಬೇಡವೆಂದರು, ಯಾರೂ ಮುಜುಗರಪಡಲಿಲ್ಲ.

ಕಾರ್ಯಕ್ರಮದ ಸಂಜೆಯ ಬಗ್ಗೆ ಹೆಚ್ಚು ಹೇಳಲು ಇಲ್ಲ, ಏಕೆಂದರೆ ಸ್ವಯಂಸೇವಕರು ಕಾರ್ಯಕ್ರಮ ನೋಡುವುದು ಬಾಗಿಲ ಸಂದಿಯಿಂದಲೇ. ಜನ ಬಂದರು, ಕುರ್ಚಿಗಳು ತುಂಬಿದವು, ಪಾರ್ಕಿಂಗ್ ಸಾಲದೆ ಪಕ್ಕದ ಚರ್ಚಿನ ಬಯಲನ್ನು ಕೇಳಿ ಪಡೆದೆವು. ಸೇಕ್ರೆಡ್ ಹಾರ್ಪ್‌ನವರು ಸಭಿಕರಿಗೆ ಬೆನ್ನು ಹಾಕಿ ತಮ್ಮ ಚೌಕದಲ್ಲಿ ಕುಳಿತದ್ದು ಮೊದಲಿಗೆ ಕೆಲವರಿಗೆ ವಿಚಿತ್ರವೆನಿಸಿತು, ಆದರೆ ಎರಡನೆಯ ಹಾಡಿಗೆ ನಾಲ್ಕು ದನಿಗಳೂ ಒಟ್ಟಿಗೆ ಎದ್ದಾಗ ಗುಸುಗುಸು ನಿಂತುಹೋಯಿತು. ಗ್ಯಾಲರಿಯಲ್ಲಿ ಜನರನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ಎಲ್ವಿಸ್ ಅಲ್ಲ, ಅವನ ಬೆನ್ನು ಕಾಣಲೆಂದು ನಾವು ಹಿಂದಿಟ್ಟಿದ್ದ ಕನ್ನಡಿ. ಸಂಖ್ಯೆ, ತಾರೀಕು, ಗಂಟೆ ತಿರುಗುಮುರುಗಾಗಿ ಕಾಣುತ್ತಿದ್ದುದರಿಂದ ಅದನ್ನು ಓದಲು ಮಕ್ಕಳು ಪೈಪೋಟಿ ನಡೆಸಿದರು. ತಾನು ಹುಡುಗನಾಗಿದ್ದಾಗ ಫಿನ್‌ಸ್ಟರ್ ತನ್ನ ಸೈಕಲ್ಲಿನ ಪಂಕ್ಚರ್ ಹಾಕಿಕೊಟ್ಟಿದ್ದರೆಂದು ವಯಸ್ಸಾದವರೊಬ್ಬರು ನನ್ನೊಡನೆ ಹೇಳಿದರು. ಚಿತ್ರಗಳ ಬಗ್ಗೆ ಏನನ್ನಿಸುತ್ತದೆಂದು ಕೇಳಿದರೆ, ರಿಪೇರಿ ಮಾತ್ರ ಅಚ್ಚುಕಟ್ಟಾಗಿತ್ತು ಎಂದು ನಕ್ಕರು.

ಅಸಲು ಕೆಲಸ ಶುರುವಾದದ್ದು ಮಾರನೆಯ ವಾರ. ನೂರು ಡಾಲರಿನ ಟಿಕೆಟ್ ಕೊಂಡವರಿಗೆಲ್ಲ ತೆರಿಗೆಯ ಲೆಕ್ಕದಲ್ಲಿ ಅದು ಪೂರ್ತಿ ದಾನವಲ್ಲ. ಊಟ ಮತ್ತು ಸಂಗೀತದ ನ್ಯಾಯವಾದ ಬೆಲೆಯನ್ನು ಕಳೆದು ಉಳಿದದ್ದಷ್ಟೇ ದಾನ. ಪ್ರತಿಫಲ ಕೊಟ್ಟು ಪಡೆಯುವ ಮೊತ್ತ 75 ಡಾಲರ್ ದಾಟಿದರೆ ಸಂಸ್ಥೆ ಈ ವಿಂಗಡಣೆಯನ್ನು ಲಿಖಿತವಾಗಿ ತಿಳಿಸಲೇಬೇಕು. 250 ಡಾಲರ್ ಅಥವಾ ಅದಕ್ಕೂ ಹೆಚ್ಚಿನ ದಾನಕ್ಕೆ ವಿನಾಯಿತಿ ಪಡೆಯಲು ದಾನಿಯ ಬಳಿ ಸಂಸ್ಥೆಯ ಸ್ವೀಕೃತಿಪತ್ರ ಇರಬೇಕು. ಹರಾಜಿನಲ್ಲಿ ಕೊಂಡವರಿಗೂ ಇದೇ ಲೆಕ್ಕ. ಇವನ್ನೆಲ್ಲ ಒಂದೊಂದಾಗಿ ಬರೆಯುತ್ತಿರುವಾಗ ಒಬ್ಬ ಉದಾರಿ ದಾನಿಯ ಚೆಕ್ಕಿನೊಡನೆ ಒಂದು ಚೀಟಿ ಸಿಕ್ಕಿತು: ಈ ಹಣ ಫಿನ್‌ಸ್ಟರ್ ಅವರ ಇನ್ನೊಂದು ಕೃತಿಯನ್ನು ಕೊಳ್ಳುವುದಕ್ಕೆ ಮಾತ್ರ. ಬಂದ ಚೆಕ್ಕುಗಳಲ್ಲೇ ಅದು ದೊಡ್ಡದು. ಹೀಗೆ ಉದ್ದೇಶ ನಮೂದಿಸಿ ಕೊಟ್ಟ ಹಣವನ್ನು ಬೇರೆ ಯಾವುದಕ್ಕೂ, ಚಾವಣಿಗಂತೂ, ಬಳಸುವಂತಿಲ್ಲ. ಒಪ್ಪಿಕೊಂಡರೆ ಸೋರುವ ಕಟ್ಟಡಕ್ಕೆ ಇನ್ನೊಂದು ಚಿತ್ರ ತಂದಂತೆ. ನಿರಾಕರಿಸಿದರೆ ದಾನಿಗೆ ಅವಮಾನ.

ಅವರಿಗೆ ಪತ್ರ ಬರೆಯುವ ಕೆಲಸವನ್ನು ನಾನೇ ಕೇಳಿ ತೆಗೆದುಕೊಂಡೆ. ಎಲ್ವಿಸ್‌ನ ಟೋಪಿಯಂಚಿನ ಫೋಟೋ, ಮಾಸಿದ ತೋಳಿನ ಫೋಟೋ, ದಾಸ್ತಾನು ಕೋಣೆಯ ತೇವಾಂಶದ ದಾಖಲೆ ಇವನ್ನು ಲಗತ್ತಿಸಿ, ಪ್ಲೈವುಡ್ಡಿಗೆ ತೇವ ಏರಿಳಿದಾಗ ಅದರ ಪದರಗಳನ್ನು ಹಿಡಿದಿರುವ ಅಂಟು ಹೇಗೆ ಸೋಲುತ್ತದೆಂದು ವಿವರಿಸಿ, ಪೆನ್‌ವಿಲ್‌ನಲ್ಲಿ ಫಿನ್‌ಸ್ಟರ್ ಮಾಡಿದ ಮೊದಲ ಕೆಲಸ ಚಿತ್ರ ಬಿಡಿಸಿದ್ದಲ್ಲ, ನೆಲದ ನೀರು ಹರಿಯಗೊಟ್ಟದ್ದು ಎಂಬುದನ್ನೂ ಸೇರಿಸಿದೆ. ಹಣವನ್ನು ಅವರ ಇಚ್ಛೆಯಂತೆಯೇ ಬಳಸಲು ನಾವು ಸಿದ್ಧರಿದ್ದೇವೆಂದೂ, ಆದರೆ ಈಗಿರುವ ಕೃತಿಗಳ ಸಂರಕ್ಷಣೆಗೆಂದು ಉದ್ದೇಶವನ್ನು ತಿದ್ದಿಕೊಡಲು ಸಾಧ್ಯವೇ ಎಂದೂ ಕೇಳಿದೆ. ಉತ್ತರ ತಡವಾಗಿ ಬಂತು, ಫೋನಿನಲ್ಲಿ. ಅರ್ಧ ಮೊತ್ತ ಸಂರಕ್ಷಣೆಗೆ, ಅಂದರೆ ದಾಸ್ತಾನು ಕೋಣೆಯ ಮೇಲಿನ ಚಾವಣಿ ಮತ್ತು ತೇವಾಂಶ ನಿಯಂತ್ರಕಕ್ಕೆ. ಉಳಿದರ್ಧ ಖರೀದಿಗೆ, ಅದೂ ಚಾವಣಿ ಮುಗಿದ ಮೇಲೆ. ಮಳೆನೀರಿನ ದೋಣಿಗೆ ತಮ್ಮ ಹೆಸರು ಕೆತ್ತಿಸುವುದು ಬೇಡವೆಂದು ಅವರು ತಮಾಷೆಯಾಗಿ ಹೇಳಿದರೂ, ತಿದ್ದುಪಡಿಯ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವವರೆಗೆ ನನಗೆ ಸಮಾಧಾನವಿರಲಿಲ್ಲ.

ಹಿಂಭಾಗದ ಚಾವಣಿಯ ಕೆಲಸ ಈಗ ಮುಗಿದಿದೆ. ದಾಸ್ತಾನು ಕೋಣೆಯ ತೇವಾಂಶ ನಿಯಂತ್ರಕ ಸಾಪೇಕ್ಷ ಆರ್ದ್ರತೆಯನ್ನು ಶೇ 50ರ ಆಸುಪಾಸಿನಲ್ಲಿ ಹಿಡಿದಿಟ್ಟಿದೆ. ಎರವಲು ತಂದ ಕೃತಿಗಳು ವರದಿಗೆ ಸಹಿಯಾದ ಮೇಲೆ ತಮ್ಮ ಮನೆಯ ಗೋಡೆಗಳಿಗೆ ಮರಳಿವೆ. ಎಲ್ವಿಸ್‌ನನ್ನು ಕಿಟಕಿಯಿಲ್ಲದ ಗೋಡೆಗೆ ಹಾಕಿರೆಂದು ಆ ಕುಟುಂಬಕ್ಕೆ ಕ್ಯುರೇಟರ್ ಹೇಳಿ ಕಳಿಸಿದ್ದಾರೆ. ಮುಂಭಾಗದ ಚಾವಣಿಗೆ ಹಣ ಇನ್ನೂ ಸಾಲದು. ಮುಂದಿನ ವರ್ಷದ ಕಾರ್ಯಕ್ರಮವನ್ನು ಯಾರ ಹೆಸರಿನಲ್ಲಿ ನಡೆಸುವುದೆಂಬ ಚರ್ಚೆ ಮಂಡಳಿಯಲ್ಲಿ ನಡೆಯುತ್ತಿದೆ. ದಾನದ ಅರ್ಜಿಯಲ್ಲಿ ಉದ್ದೇಶ ನಮೂದಿಸುವ ಜಾಗಕ್ಕೆ ಕಟ್ಟಡದ ನಿರ್ವಹಣೆ ಎಂಬ ಆಯ್ಕೆಯನ್ನು ಎಲ್ಲಕ್ಕಿಂತ ಮೇಲೆ ಅಚ್ಚು ಹಾಕಿಸುವುದಾಗಿ ಮಾತ್ರ ಈಗಲೇ ಗೊತ್ತುವಳಿಯಾಗಿದೆ.